ಜಾತಕದ ವಯಸ್ಸು

ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯ ವಯಸ್ಸನ್ನು ಅರವತ್ತೈದರಿಂದ ಅರವತ್ತೇಳಕ್ಕೆ ಏರಿಸುವ ಮಸೂದೆ ಇನ್ನೇನು ಮತಕ್ಕೆ ಬರುವುದರಲ್ಲಿತ್ತು. ಅಲ್ಲೇ ನೆಲೆಸಿದ್ದ ಅವಳ ಹೃದಯದ ಆಪರೇಷನ್ ಮುಂದೂಡುವಂತಿರಲಿಲ್ಲ, ಬೇರೆ ವಿಮೆಯೂ ಇರಲಿಲ್ಲ. ಪಾಸ್‌ಪೋರ್ಟಿನ ಪ್ರಕಾರ ಅವಳಿಗೆ ಅರವತ್ತಮೂರು, ಜಾತಕದ ಪ್ರಕಾರ ಅರವತ್ತೈದು.

ಊರಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು.

"ಅಪ್ಪ ಸ್ಕೂಲಲ್ಲಿ ಎರಡು ವರ್ಷ ಕಮ್ಮಿ ಬರೆಸಿದ್ರು ಅಂತ ನನ್ನ ಮದುವೇಲಿ ನೀನೇ ಹೇಳಿದ್ಯಲ್ಲ, ಅದನ್ನೇ ಅಫಿಡವಿಟ್ ಮಾಡಿಸಿ ಕಳಿಸೋ. ಬಿಲ್ ಪಾಸಾಗಿಬಿಟ್ರೆ ನಾನು ಉಳಿಯಲ್ಲ."

"ಜಾತಕ ನಮ್ಮ ಹತ್ರಾನೇ ಇದೆ ಭಾವ, ಕಾಲಿಗೆ ಬೀಳ್ತೀನಿ," ಗಂಡ ಫೋನಿನತ್ತ ಬಾಗಿ ಅಂಗಲಾಚಿದ.



"ನಿನ್ನ ಜಾತಕದಲ್ಲಿ ಕುಜದೋಷ ಇತ್ತು ಕಣಮ್ಮ," ಅಣ್ಣ ಅಂದ. "ಮದುವೆಗೆ ಅಪ್ಪ ಕೊಟ್ಟಿದ್ದು ತೀರಿಹೋದ ಅಕ್ಕಂದು."