ನೋಡಲ್ಲ ಅಂತ ಟಿಕ್ ಹಾಕಿದ ಪತ್ರ

"ನನ್ನ ಬಗ್ಗೆ ನೀವು ಬರೆಯೋ ಶಿಫಾರಸು ಪತ್ರ ನಾನು ಯಾವತ್ತೂ ನೋಡಲ್ಲ ಅಂತ ಅರ್ಜಿಯಲ್ಲಿ ಟಿಕ್ ಹಾಕಿದೀನಿ ಸಾರ್," ಎಂದ ಇಂದುಧರ. "ಹಾಗಿದ್ರೇನೇ ಆ ಯೂನಿವರ್ಸಿಟಿಯವರು ಪತ್ರಾನ ನಂಬೋದಂತೆ."

"ಗೊತ್ತು ಕಣೋ, ನಂಗೂ ಈಮೇಲ್ ಬಂತು," ಎಂದರು ಕೆಮಿಸ್ಟ್ರಿ ಮೇಷ್ಟ್ರು.

ಈ ಮೇಷ್ಟ್ರು ಮೂವತ್ತು ವರ್ಷದಲ್ಲಿ ಒಂದು ಶಿಫಾರಸು ಪತ್ರವನ್ನೂ ತಾವಾಗಿ ಬರೆದವರಲ್ಲ. ಹುಡುಗರೇ ಬರೆದು ತರಬೇಕು, ಇವರು ಸಹಿ ಜಡಿಯಬೇಕು, ಅದು ಅಲ್ಲಿನ ಪದ್ಧತಿ. ಹಾಗಾಗಿ ಇಂದುಧರ ತನ್ನನ್ನು ತಾನೇ ಎರಡು ಪುಟ ಹೊಗಳಿಕೊಂಡು, ಮಡಚಿ ಜೇಬಲ್ಲಿಟ್ಟುಕೊಂಡೇ ಬಂದಿದ್ದ.

"ಮೊದಲು ನಿನ್ನ ಕ್ಲಾಸಿನ ದಾಕ್ಷಾಯಿಣಿದು ಬರ್ಕೊಡು. ಅವಳೂ ಅಲ್ಲಿಗೇ ಅರ್ಜಿ ಹಾಕಿದಾಳೆ."

ಅಲ್ಲಿ ಇದ್ದದ್ದು ಒಂದೇ ಪಿಎಚ್.ಡಿ. ಸೀಟು. ಇಂದುಧರನಿಗೆ ಹಬ್ಬವಾಯಿತು. ಅಲ್ಲೇ ಕೂತು ಬರೆದ: 'ಈಕೆ ತರಗತಿಗೆ ಸಮಯಕ್ಕೆ ಸರಿಯಾಗಿ ಬರುತ್ತಾಳೆ. ಕೈಬರಹ ದುಂಡಗಿದೆ. ಈಕೆ ಇದ್ದಾಗ ಲ್ಯಾಬಿಗೆ ಬೆಂಕಿ ಬಿದ್ದದ್ದು ನನ್ನ ನೆನಪಿನಲ್ಲಿಲ್ಲ.'

ಮೇಷ್ಟ್ರು ಅದನ್ನು ಓದುವ ಗೋಜಿಗೂ ಹೋಗದೆ ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿಯೇಬಿಟ್ಟರು.

"ಇನ್ನು ನಂದು ಸಾರ್," ಎನ್ನುತ್ತಾ ಇಂದುಧರ ಜೇಬಿಗೆ ಕೈ ಹಾಕಿದ.

"ನಿಂದು ಬೆಳಿಗ್ಗೇನೇ ಹೋಯ್ತಲ್ಲೋ."

"ನೀವೇ ಬರೆದ್ರಾ ಸಾರ್?"

"ನಾನೆಲ್ಲಿ ಬರೀಲಿ? ನೋಡಲ್ಲ ಅಂತ ಮಾತು ಕೊಟ್ಟಿರೋ ನಿನ್ನ ಕೈಲೇ ನಿಂದನ್ನ ಬರೆಸೋದು ಧರ್ಮ ಅಲ್ಲ ಅನ್ನಿಸ್ತು, ದಾಕ್ಷಾಯಿಣಿಗೆ ಹೇಳ್ದೆ. ಬರೆಯೋವಾಗ ಯಾಕೋ ಒಬ್ಬಳೇ ನಗ್ತಾ ಇದ್ಲು."