ಸಡಿಲವಾದ ಹಲ್ಲುಸೆಟ್ಟು

ಎರಡು ಪುಟ ಓದಿದರೂ ಒಂದೇ ಒಂದು ಚೂರಿ ಹಲಗೆಗೆ ಬಡಿಯಲಿಲ್ಲ. ಮೈಕಿನ ಮುಂದೆ ಕೂತ ಎವೆಲಿಯೋನಿಗೆ ಕಸಿವಿಸಿ. ಹವಾನಾದ ಈ ಕಾರ್ಖಾನೆಯಲ್ಲಿ ಚುರುಟು ಸುತ್ತುವವರಿಗೆ ಕಾದಂಬರಿ ಓದಿ ಹೇಳುವುದೇ ಅವನ ಕೆಲಸ. ಓದು ಹಿಡಿಸಿದರೆ ಅವರು ಎಲೆ ಕತ್ತರಿಸುವ ಚೂರಿಯನ್ನು ಹಲಗೆಗೆ ಕುಟ್ಟುತ್ತಾರೆ, ಅದೇ ಚಪ್ಪಾಳೆ. ಈಚೆಗಂತೂ ಮಾತುಮಾತಿಗೂ ಕುಟ್ಟುತ್ತಿದ್ದರು. ವಯಸ್ಸಾದಂತೆ ತನ್ನ ಓದು ಮಾಗಿದೆಯೆಂದು ಅವನು ಬೀಗಿದ್ದ.

ಇವತ್ತೇನಾಯಿತು? ಈಚೆಗೆ ಸಡಿಲವಾಗಿದ್ದ ಹಲ್ಲುಸೆಟ್ಟು ಕೂಡ ಅಲುಗಾಡುತ್ತಿಲ್ಲ. “ಸೆಟ್ಟು ಹಾಗೇ ಇದೆ ಮಾವ, ಕುಗ್ಗಿರೋದು ನಿಮ್ಮ ದವಡೆ ಮೂಳೆ. ಹೊಸದು ಮಾಡೋವರೆಗೂ ಇದನ್ನ ಹಚ್ಕೊಳ್ಳಿ” ಎಂದು ಹಲ್ಲಿನ ಡಾಕ್ಟರಮ್ಮ ನಿನ್ನೆ ಅಂಟು ಕೊಟ್ಟಿದ್ದಳು. ಮಾತು ಸ್ಫುಟವಾಗಿಯೇ ಬರುತ್ತಿತ್ತು. ಮತ್ತೇಕೆ ಈ ಮೌನ? ಬೇರೆ ಓದುಗನನ್ನು ಆರಿಸುವ ಯೋಚನೆಯೇ?

ಮೂರನೇ ಪುಟದಲ್ಲಿ ಅಂಟು ಬಿಟ್ಟಿತು. ಕೆಳಗಿನ ಸೆಟ್ಟು ಜಾರಿ ಮೇಲಿನದಕ್ಕೆ ಬಡಿದು ಮೈಕಿನಲ್ಲಿ ‘ಟಕ್’ ಎಂದಿತು. ಮರುಕ್ಷಣವೇ ಎಲ್ಲ ಸಾಲುಗಳಿಂದಲೂ ಟಕಟಕನೆ ಚೂರಿಗಳು ಕುಟ್ಟಿದವು. ಹಲ್ಲಿನ ಸದ್ದು ಅದರಲ್ಲಿ ಮುಳುಗಿಹೋಯಿತು.

ಎವೆಲಿಯೋ ಮೆಲ್ಲಗೆ ಪುಸ್ತಕ ಇಳಿಸಿದ. ಮುಂದಿನ ಸಾಲಿನ ನೆರೇಯ್ದಾ ಎಲೆ ಸುತ್ತುತ್ತಲೇ, ತಲೆ ಎತ್ತದೆ ಗದರಿದಳು: “ಯಾಕೆ ನಿಲ್ಸಿದ್ರಿ? ನೀವು ಓದಿ ಮಾವ, ಹಲ್ಲು ನಾವು ನೋಡ್ಕೋತೀವಿ.”