ದೂರಿನ ಕುರ್ಚಿ

ಫಕೀರಪ್ಪ ದೊಡ್ಡವ್ವನನ್ನು ಬೆನ್ನಮೇಲೆ ಹೊತ್ತುಕೊಂಡೇ ನಗರಸಭೆಗೆ ಬಂದ. ಆಕೆಯನ್ನು ಮಗ್ಗುಲು ತಿರುಗಿಸಲು ನಗರಸಭೆ ನೇಮಿಸಿದ್ದ ಆರೈಕೆಯವಳು ಬರುತ್ತಲೇ ಇರಲಿಲ್ಲ. ಮುದುಕಿಯ ಬೆನ್ನೆಲ್ಲ ಹುಣ್ಣಾಗಿತ್ತು. ದೂರು ಕೇಳುವವರು ದೂರಿನ ನೋವನ್ನೂ ಸಂಜೆತನಕ ಹೊರಬೇಕೆಂದು ಕಾನೂನು ಬಂದಮೇಲೆ, ಸಾಹೇಬರು ದೂರು ಕೇಳುವ ತಮ್ಮ ಕುರ್ಚಿಗೆ ದಿನಗೂಲಿಯ ಹುಸೇನಸಾಬನನ್ನು ತಂದು ಕೂರಿಸಿದ್ದರು.

ದೊಡ್ಡವ್ವ ದೂರು ಹೇಳಿ ಅವನ ಕೈ ಹಿಡಿದಳು. ತನ್ನ ಬೆನ್ನಿಗಿಳಿದ ನೋವಿಗೆ ಹುಸೇನಸಾಬ ಹಲ್ಲು ಕಚ್ಚಿ ಮೇಜಿನ ಮೇಲೆ ಬೋರಲಾದ. ಆಕೆ ಬೆಂಚಿನ ಮೇಲೆ ಹಾಗೇ ನಿದ್ದೆಹೋದಳು.

"ಒಳಗ ಕುಂತಾನಲ್ಲ ಆ ಸಾಹೇಬ, ಅವನ್ನ ಎಳಕೊಂಡು ಬರ್ಲೇನು?" ಫಕೀರಪ್ಪ ಕುದಿದ.

"ಒದರಬ್ಯಾಡೋ ತಮ್ಮಾ. ಆಕಿ ಮಲಗ್ಯಾಳ," ಅಂದ ಹುಸೇನಸಾಬ.

ಸಂಜೆ ಕಚೇರಿ ಮುಚ್ಚಿತು, ನೋವು ಮುದುಕಿಗೆ ಮರಳಿತು. ದೊಡ್ಡವ್ವ ನರಳುತ್ತ ಕಣ್ಣುಬಿಟ್ಟಳು.

"ಆರೈಕಿಯಾಕಿನ್ನ ಕಳಸ್ತಾರಂತೇನೋ?"

"ವಿಚಾರ ಮಾಡ್ತಾರಂತ! ಇವರ ಮನಿ ಹಾಳಾಗ್ಲಿ. ಇನ್ನ ಈ ಕಡೆ ಕಾಲಿಡೂದು ಬ್ಯಾಡ."

ದೊಡ್ಡವ್ವ ಅವನ ಅಂಗಿ ಜಗ್ಗಿದಳು. "ಹಂಗನಬ್ಯಾಡ ಕೂಸ. ನಾಳೆನೂ ದೂರು ಕೊಡೂಣು. ಭಾಳ ದಿನಕ್ಕ ನಿದ್ದಿ ಹತ್ತಿತ್ತು."

ಫಕೀರಪ್ಪ ಆಕೆಯನ್ನು ಮತ್ತೆ ಬೆನ್ನಮೇಲೆ ಹೊತ್ತುಕೊಂಡ. ಹುಸೇನಸಾಬ ಬೆನ್ನು ನೀವಿಕೊಳ್ಳುತ್ತ ಬಾಗಿಲಿಗೆ ಕೀಲಿ ಹಾಕಿದ.

"ಹಂಗಾರ ಮುಂಜಾನೆ ಲಗೂನ ಬಾರವ್ವಾ," ಅಂದ. "ಇವತ್ತ ನೀ ಬಂದಿದ್ದ ತಡ ಆತು."